ಎರಡನೇ ನಂಬರಿನ ಪೆಟ್ಟಿಗೆ ಓಗೊಟ್ಟ ರಾತ್ರಿ

ಕತೆ ಕಟ್ಟುವುದು ನನಗೆ ಬರುವುದಿಲ್ಲ. ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿಯೇ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತೆತ್ತಿದರೆ ಅವರ ಮುಖದೆದುರೇ ನಕ್ಕುಬಿಡುವ ಕೆಟ್ಟ ಚಾಳಿ ನನ್ನದು. ಅಂಥವನು ಇದನ್ನು ಬರೆಯಲು ಕೂತಿದ್ದೇನೆ ಎಂದರೆ, ಇದು ನನ್ನ ಎರಡು ಕಿವಿ ಕೇಳಿದ್ದು, ಎರಡು ಕಣ್ಣು ಕಂಡದ್ದು. ಪೂರ್ತಿಯಾಗಿ ನನ್ನ ಹೆಂಡತಿಗೂ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇತ್ತು. ಆಗ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಕಂಪ್ಯೂಟರು ಇದ್ದದ್ದೇ ಬೆರಳೆಣಿಕೆಯಷ್ಟು. ಎಲ್ಲಿ ಕೆಟ್ಟರೂ ನನಗೇ ಕರೆ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ, ನಾಲೆ ನೋಡಿಕೊಳ್ಳುವವರ ಒಂದು ಸಣ್ಣ ಕಚೇರಿ. ಅಲ್ಲಿಂದ ಒಂದು ದಿನ ಮಧ್ಯಾಹ್ನ ಫೋನು ಬಂತು.

ಅಲ್ಲಿದ್ದದ್ದು ಒಂದು ಡೆಸ್ಕ್‌ಟಾಪ್ ಕಂಪ್ಯೂಟರು. ಅದರ ಬೆನ್ನಿಗೆ ಒಂದು ಮೋಡೆಮ್ಮು, ಮೋಡೆಮ್ಮಿಗೆ ಒಂದು ವೈರ್‌ಲೆಸ್ ಸೆಟ್ಟು, ತಾರಸಿಯ ಮೇಲೆ ಆಂಟೆನಾ. ನಾಲೆಯ ಉದ್ದಕ್ಕೆ ಇದ್ದ ಮೂರು ತೂಬುಮನೆಗಳಲ್ಲಿ ಇದಕ್ಕೆ ಜೋಡಿಯಾದ ಮೂರು ಪೆಟ್ಟಿಗೆಗಳನ್ನು ಗೋಡೆಗೆ ಬಿಗಿದಿದ್ದರು. ಗಂಟೆಗೊಂದು ಸಲ ಕಂಪ್ಯೂಟರು ಒಂದೊಂದೇ ಪೆಟ್ಟಿಗೆಯನ್ನು ನಂಬರು ಹಿಡಿದು ಕೂಗುತ್ತದೆ. ಪೆಟ್ಟಿಗೆ ತಾನಿರುವ ಜಾಗದಲ್ಲಿ ನೀರು ಎಷ್ಟು ಅಡಿ ಇದೆ ಎಂದು ಉತ್ತರ ಕೊಡುತ್ತದೆ. ಕೂಗಿಗೂ ಉತ್ತರಕ್ಕೂ ಒಂದೇ ಸದ್ದು, ಕಿರ್ರ್... ಎಂದು. ಬೇಕಿದ್ದರೆ ಮೈಕ್ ಹಿಡಿದು ಎರಡು ಕಡೆಯವರೂ ಮಾತಾಡಬಹುದು.

ತೊಂದರೆ ಇದ್ದದ್ದು ಎರಡನೇ ನಂಬರಿನದು. ಹನ್ನೊಂದನೇ ಮೈಲಿಯ ತೂಬುಮನೆ. ಹಗಲೆಲ್ಲ ಗಂಟೆ ಹೊಡೆದಂತೆ ಉತ್ತರ ಕೊಡುವ ಆ ಪೆಟ್ಟಿಗೆ ರಾತ್ರಿ ಒಂಬತ್ತಾಯಿತೋ, ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಬೆಳಗ್ಗೆ ಆರಕ್ಕೆ ಮಾತು. ಬೆಂಗಳೂರಿನಿಂದ ಬಂದವರು ಆಂಟೆನಾ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು, ಕಡೆಗೆ ಪೆಟ್ಟಿಗೆಯನ್ನೇ ಬದಲಿಸಿದ್ದರು. ಊಹೂಂ.

ನಾನು ಮೊಪೆಡ್ ನಿಲ್ಲಿಸಿ ಒಳಗೆ ಹೋದಾಗ ಸಂಜೆ ಆರು. ಎಂಜಿನಿಯರು ಮನೆಗೆ ಹೊರಟು ನಿಂತಿದ್ದರು.

“ನೋಡಿ, ಇದು ಮೆಷಿನ್ ತೊಂದರೆ ಅಲ್ಲ ಅಂತ ನನಗೆ ಅನುಮಾನ,” ಎಂದರು. “ಅಲ್ಲಿ ತೂಬು ಎತ್ತಿ ನೀರು ಬಿಡೋ ನೀರುಗಂಟಿ ಬೋರೇಗೌಡ ಅಂತ ಇದ್ದಾನೆ. ಹದಿನೆಂಟು ವರ್ಷದಿಂದ ದಿನಗೂಲಿ. ಅವನನ್ನ ಖಾಯಂ ಮಾಡೋ ಫೈಲು ನನ್ನ ಮೇಜಿನ ಮೇಲಿದೆ. ರಾತ್ರಿ ಹೊತ್ತು ಅವನೇ ಏನೋ ಕೈ ಆಡಿಸ್ತಾನೆ. ನಾಳೆ ಎಂಟು ಗಂಟೆಗೆ ಕಂಪ್ಯೂಟರು ಅಚ್ಚು ಹಾಕೋ ಹಾಳೆಯಲ್ಲಿ ಎರಡನೇ ನಂಬರಿನ ಕಾಲಂ ಖಾಲಿ ಇದ್ದರೆ ಸಹಿ ಹಾಕಲ್ಲ. ಅಷ್ಟೇ ಅಲ್ಲ, ಅವನನ್ನ ತೆಗೆದು ಬೇರೆಯವನನ್ನ ಹಾಕ್ತೀನಿ. ನನಗೂ ಮೇಲಿನವರಿಗೆ ಉತ್ತರ ಹೇಳಿ ಸಾಕಾಗಿದೆ.”

ಒಬ್ಬನ ಹದಿನೆಂಟು ವರ್ಷ ಒಂದು ಹಾಳೆಯ ಮೇಲೆ ನಿಂತಿದೆ ಎಂದಾಗ ನನಗೆ ಕಸಿವಿಸಿಯಾಯಿತು. ನನ್ನ ಕೆಲಸ ಮೆಷಿನ್ ರಿಪೇರಿ, ಮನುಷ್ಯರನ್ನು ಕೆಲಸದಿಂದ ತೆಗೆಸುವುದಲ್ಲ. ಅವರು ಕೀಲಿಕೈ ಕೊಟ್ಟು ಹೋದರು. ರಾತ್ರಿಯಿಡೀ ಆ ಕಚೇರಿಯಲ್ಲಿ ನಾನೊಬ್ಬನೇ.

ಏಳು ಗಂಟೆ. ಕಿರ್ರ್... ಮೂರೂ ಪೆಟ್ಟಿಗೆ ಉತ್ತರ ಕೊಟ್ಟವು. ಎರಡನೆಯದರ ಹತ್ತಿರ ನೀರು ನಾಲ್ಕು ಅಡಿ ಎರಡು ಅಂಗುಲ. ಎಂಟು ಗಂಟೆ. ಮೂರೂ ಸರಿ. ನಾನು ಮೋಡೆಮ್ಮಿನ ಹಿಂದಿನ ಸ್ಕ್ರೂ ಬಿಗಿದೆ, ಕೇಬಲ್ ಅಲ್ಲಾಡಿಸಿದೆ, ಸೆಟ್ಟಿನ ವೋಲ್ಟೇಜು ನೋಡಿದೆ. ತಪ್ಪು ಹುಡುಕಲಿಕ್ಕೂ ಏನೂ ಇರಲಿಲ್ಲ.

ಒಂಬತ್ತು ಗಂಟೆ.

ಕಿರ್ರ್... ಒಂದನೆಯದು ಉತ್ತರ ಕೊಟ್ಟಿತು. ಕಿರ್ರ್... ಎರಡನೆಯದು... ಏನೂ ಇಲ್ಲ. ಸ್ಪೀಕರಿನಲ್ಲಿ ಬರೀ ಸುಯ್ಯೆನ್ನುವ ಗಾಳಿ. ಪರದೆಯ ಮೇಲೆ ಆ ಜಾಗ ಖಾಲಿ.

ಇಷ್ಟು ಕರಾರುವಾಕ್ಕಾಗಿ ಕೆಡುವ ಮೆಷಿನ್ ಲೋಕದಲ್ಲಿ ಇಲ್ಲ. ಎಂಜಿನಿಯರು ಹೇಳಿದ್ದೇ ನಿಜ, ಮನುಷ್ಯನ ಕೈ ಇದೆ ಎಂದು ನನಗೆ ರೇಗಿಹೋಯಿತು. ಟಾರ್ಚು, ಸ್ಕ್ರೂಡ್ರೈವರು, ಗುರುತು ಹಾಕುವ ಬಣ್ಣದ ಶೀಶೆ ಜೇಬಿಗೆ ಹಾಕಿಕೊಂಡು ಮೊಪೆಡ್ ಹತ್ತಿದೆ.

ನಾಲೆಯ ಏರಿಯ ಮೇಲೆ ಮೂರು ಮೈಲಿ. ಒಂದು ಕಡೆ ಕಪ್ಪು ನೀರು, ಇನ್ನೊಂದು ಕಡೆ ಕಬ್ಬು. ಎಲ್ಲೋ ದೂರದ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು. ಕಪ್ಪೆಗಳ ಗಲಾಟೆಯಲ್ಲಿ ನನ್ನ ಮೊಪೆಡ್ಡಿನ ಸದ್ದೇ ನನಗೆ ಕೇಳುತ್ತಿರಲಿಲ್ಲ. ಹತ್ತಿರ ಹೋದಂತೆ ಕಪ್ಪೆಗಳು ಸುಮ್ಮನಾಗುವುದು, ನಾನು ದಾಟಿದ ಮೇಲೆ ಹಿಂದಿನಿಂದ ಮತ್ತೆ ಶುರು ಮಾಡುವುದು... ದಾರಿಯುದ್ದಕ್ಕೂ ಹೀಗೇ.

ತೂಬುಮನೆ ಎಂದರೆ ನಾಲೆಯ ಮೇಲೆ ಕಟ್ಟಿದ ಒಂದೇ ಕೋಣೆ. ಹೊಸ್ತಿಲ ಮೇಲೆ ಲಾಟೀನು, ಲಾಟೀನಿನ ಪಕ್ಕ ಕಂಬಳಿ ಹೊದ್ದ ಒಬ್ಬ ಮನುಷ್ಯ. ಬಾಗಿಲ ಮೇಲೆ ಸುಣ್ಣದಲ್ಲಿ ದಪ್ಪಕ್ಷರದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ಆ ವರ್ಷಗಳಲ್ಲಿ ಊರೂರಿನ ಬಾಗಿಲುಗಳ ಮೇಲೆ ಇದೇ ಬರಹ. ರಾತ್ರಿ ಬಂದು ಹೆಸರು ಹಿಡಿದು ಕೂಗುವ ಒಂದು ‘ಅದು’ ಈ ಅಕ್ಷರ ಓದಿಕೊಂಡು ವಾಪಸು ಹೋಗುತ್ತದಂತೆ. ಓದು ಬರುವ ದೆವ್ವ ಎಂದು ಅಂಗಡಿಯಲ್ಲಿ ಕೂತು ನಾನು ಎಷ್ಟು ಸಲ ನಕ್ಕಿದ್ದೆನೋ.

“ಬೋರೇಗೌಡ ಅಂದ್ರೆ ನೀವೇನಾ?” ಎಂದೆ, ಗಡಸಾಗಿ.

ಆತ ಲಾಟೀನು ಎತ್ತಿ ಮೊದಲು ನನ್ನ ಪಾದ ನೋಡಿದ, ಆಮೇಲೆ ಮುಖ. ಐವತ್ತರ ಆಸುಪಾಸಿನ ಒಣಕಲು ಆಳು.

“ಕಂಪೂಟ್ರು ಸಾವ್ಕಾರ್ರಾ? ಬನ್ನಿ ಸಾ, ಒಳೀಕೆ ಬನ್ನಿ. ಇಂಗೆ ವತ್ತಲ್ಲದ ವತ್ನಲ್ಲಿ ಒಬ್ರೇ ಬಂದ್ಬುಟ್ರಲ್ಲಾ...”

ನಾನು ನೇರವಾಗಿ ಗೋಡೆಯ ಹತ್ತಿರ ಹೋದೆ. ಪೆಟ್ಟಿಗೆಯನ್ನು ಕೈಗೆಟಕದಂತೆ ಮೇಲೆ, ಸೂರಿನ ಕೆಳಗೆ ಬಿಗಿದಿದ್ದರು. ಕೆಳಗೆ ಬ್ಯಾಟರಿ. ಬ್ಯಾಟರಿಯ ವೈರು ಕಿತ್ತು, ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿತ್ತು!

“ಯಾರು ಕಿತ್ತಿದ್ದು?”

“ನಾನೇ ಕಣ್ ಸಾ. ಸುಳ್ ಯಾಕ್ ಏಳ್ಲಿ?”

“ಅಲ್ಲ ಮಾರಾಯ, ಬೆಂಗಳೂರಿನಿಂದ ಜನ ಬಂದು ಮೂರು ಸಲ ರಿಪೇರಿ ಮಾಡಿದ್ರು. ಆಗ ಯಾಕೆ ಹೇಳಲಿಲ್ಲ?”

“ನನ್ನ ಯಾರೂ ಕೇಳ್ನಿಲ್ಲ ಸಾ. ಬಂದೋರೆಲ್ಲಾ ಪೆಟ್ಗೇನೇ ಕೇಳುದ್ರು.”

ನಗು ಬಂತು. ನಕ್ಕಮೇಲೆ ಸಿಟ್ಟು ಇಳಿಯಿತು. ಹೊಸ್ತಿಲ ಮೇಲೆ ಆತನ ಪಕ್ಕದಲ್ಲೇ ಕೂತೆ. ಬೀಡಿ ಹಚ್ಚಿಕೊಂಡು ಬೋರಣ್ಣ ನಿಧಾನವಾಗಿ ಹೇಳಿದ:

“ರಾತ್ರಿ ವತ್ನಲ್ಲಿ ಒಂದ್ಸಲ ಕೂಗುದ್ರೆ ಓ ಅನ್ಬಾರ್ದು ಸಾ. ಮನ್ಸ ಆದ್ರೆ ಮೂರ್ ಸಲ ಕೂಗ್ತಾನೆ. ಅದು ಒಂದೇ ಸಲ ಕೂಗೋದು. ಅದ್ಕೇಯಾ ನಾವು ನೀರ್ಗಂಟಿಗೋಳು ಒಬ್ರಿಗೊಬ್ರು ಮೂರ್ ಸಲ ಕೂಗ್ಕಂಡು, ಮೂರ್ನೇದುಕ್ಕೆ ಓ ಅಂತೀವಿ. ಆಮ್ಯಾಕೇ ತೂಬು ಎತ್ತೋದು. ಇಂಗೇ ಬಂದದೆ ನಮ್ ತಾತನ್ ಕಾಲ್ದಿಂದ್ಲೂವೆ.”

“ಅದಕ್ಕೂ ಪೆಟ್ಟಿಗೆಗೂ ಏನು ಸಂಬಂಧ?”

“ನಿಮ್ ಕಂಪೂಟ್ರು ಒಂದ್ಸಲ ಕಿರ್ ಅಂತದೆ. ಈ ಪೆಟ್ಗೆ ಇನ್ನೊಂದ್ ಕೂಗ್ಗೂ ಕಾಯಾಕಿಲ್ಲ, ತಕ್ಸಣ ಓ ಅಂತದೆ. ಬೆಳಕಿರೋಗಂಟ ಆಗ್ಲಿ ಬುಡು ಅಂತೀನಿ. ಜನ ಓಡಾಡ್ತಾರೆ. ಒಂಬತ್ತಾದ್ ಮ್ಯಾಲೆ ಇಲ್ಲಿ ಯಾರವ್ರೆ? ಕರದೋರು ಯಾರು ಅಂತ ಅದ್ಕೇನ್ ಗೊತ್ತು? ಮಸೀನು, ಪಾಪ.”

ಆಮೇಲೆ ತನ್ನ ಅಣ್ಣನ ವಿಷಯ ಹೇಳಿದ. ಬೋರಣ್ಣನಿಗಿಂತ ಮೊದಲು ಈ ತೂಬು ನೋಡಿಕೊಳ್ಳುತ್ತಿದ್ದವನು ಅಣ್ಣ ಕೆಂಪಣ್ಣ. ಒಂದು ರಾತ್ರಿ ಅಣ್ಣ-ತಮ್ಮ ಇದೇ ಕೋಣೆಯಲ್ಲಿ ಮಲಗಿದ್ದಾಗ ಆಚೆಯಿಂದ ಅತ್ತಿಗೆಯ ದನಿಯಲ್ಲಿ ಒಂದೇ ಒಂದು ಸಲ ಕರೆದದ್ದು ಕೇಳಿತು. ನಿದ್ದೆಗಣ್ಣಿನಲ್ಲಿದ್ದ ಕೆಂಪಣ್ಣ ‘ಓ’ ಎಂದು ಎದ್ದು ಹೋದ. ಅತ್ತಿಗೆ ಊರಿನ ಮನೆಯಲ್ಲಿ ಮಲಗಿದ್ದಳು. ಬೆಳಗ್ಗೆ ಕಂಬಳಿ ನೀರಿಗಿಳಿಯುವ ಮೆಟ್ಟಿಲ ಮೇಲೆ ಸಿಕ್ಕಿತು. ಅಣ್ಣ ಸಿಕ್ಕಿದ್ದು ಹದಿಮೂರನೇ ಮೈಲಿಯಲ್ಲಿ.

“ಈಜು ಬರೋನು ಸಾ. ಮೀನ್ ಇದ್ದಂಗಿದ್ದ,” ಎಂದು ಬೋರಣ್ಣ ಬೀಡಿ ಆರಿಸಿದ.

ನನಗೆ ಅಯ್ಯೋ ಅನ್ನಿಸಿತು. ಆದರೆ ಹೆದರಿಕೆ ಆಗಲಿಲ್ಲ. ನಿದ್ದೆಗಣ್ಣಿನಲ್ಲಿ ಕಾಲು ಜಾರಿದ್ದಾನೆ, ಅಷ್ಟೇ ಎಂದುಕೊಂಡೆ. ಎಂಜಿನಿಯರು ಹೇಳಿದ್ದನ್ನು ಹೇಳಿದೆ. ನಾಳೆ ಹಾಳೆ ಖಾಲಿ ಇದ್ದರೆ ಕೆಲಸ ಹೋಗುತ್ತದೆ, ತುಂಬಿದ್ದರೆ ಖಾಯಂ. ಬೋರಣ್ಣ ಲಾಟೀನಿನ ಬತ್ತಿ ಏರಿಸಿದ.

“ಎಡ್ತಿ ಕಾಯಿಲೆಯೋಳು ಸಾ. ಕಾಯಮ್ಮಾದ್ರೆ ಆಸ್ಪತ್ರೆಗೊಂದು ದಾರಿ ಆಯ್ತದೆ... ಆದ್ರೆ ಈ ವೈರು ಮಾತ್ರ ನನ್ ಕೈಲಿ ಆಗಾಕಿಲ್ಲ.”

ಆಗ ನನಗೆ ಒಂದು ಉಪಾಯ ಹೊಳೆಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

“ಬೋರಣ್ಣ, ಕಂಪ್ಯೂಟರು ಮೂರು ಸಲ ಕೂಗಿ, ಮೂರನೆಯದಕ್ಕೆ ಪೆಟ್ಟಿಗೆ ಓ ಅನ್ನೋ ಹಾಗೆ ಮಾಡಿದ್ರೆ?”

ಆತ ತಿರುಗಿ ನೋಡಿದ. “ಆಯ್ತದಾ ಸಾ ಅಂಗೆ?”

ಆಗುತ್ತಿತ್ತು. ಎರಡು ಸಲ ಸುಮ್ಮನೆ ಸದ್ದು ಮಾಡಿ, ಮೂರನೆಯ ಸಲ ನಂಬರು ಕೇಳುವಂತೆ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ತಿದ್ದಿದರೆ ಸಾಕು. ಆಗಲೇ ಹನ್ನೊಂದು ದಾಟಿತ್ತು. ಬೋರಣ್ಣ ತಾನೇ ಎದ್ದು ವೈರು ಸಿಕ್ಕಿಸಿದ. ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡಿತು. ಒಳಗೆ ಎಲ್ಲ ಸರಿ ಇದೆಯಾ ಎಂದು ನಾನು ಏಣಿ ಹತ್ತಿ ಒಂದು ಸಲ ಮುಚ್ಚಳ ತೆಗೆದು ನೋಡಿ, ನೀರು ನುಗ್ಗದಂತೆ ಅಂಚಿನ ರಬ್ಬರು ಸರಿಯಾಗಿ ಕೂರಿಸಿ, ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಸ್ಕ್ರೂಗಳ ಮೇಲೆ ನನ್ನ ಗುರುತಿನ ಹಸಿರು ಬಣ್ಣ ಹಚ್ಚಿದೆ.

ಹೊರಟಾಗ ಬೋರಣ್ಣ ಮೊಪೆಡ್ಡಿನ ಹ್ಯಾಂಡಲ್ ಹಿಡಿದುಕೊಂಡ.

“ಸಾ, ಮೈಕ್ನಲ್ಲಿ ನನ್ನ ಕರದ್ರೂ ಮೂರ್ ಸಲ ಕರೀರಿ. ನಿಮ್ಮ ಯಾರಾರ ಕರದ್ರೂ ಅಂಗೇಯಾ. ಒಂದ್ಸಲಕ್ಕೆ ಓ ಅನ್ಬ್ಯಾಡಿ. ಮಾತ್ ಕೊಡಿ.”

ಕೊಟ್ಟೆ. ನಗುತ್ತಲೇ ಕೊಟ್ಟೆ.

ಕಚೇರಿಗೆ ಬಂದು ಪ್ರೋಗ್ರಾಮ್ ತಿದ್ದಿದಾಗ ಹನ್ನೊಂದೂ ಮುಕ್ಕಾಲು. ಹನ್ನೆರಡು ಗಂಟೆಗೆ ಉಸಿರು ಬಿಗಿಹಿಡಿದು ಕೂತೆ. ಒಂದನೆಯದು ಆಯಿತು. ಆಮೇಲೆ ಕಿರ್ರ್... ಕಿರ್ರ್... ಕಿರ್ರ್... ಒಂದು ಕ್ಷಣ ಬಿಟ್ಟು, ದೂರದಿಂದ, ಸಣ್ಣದಾಗಿ, ಕಿರ್ರ್. ಪರದೆಯ ಮೇಲೆ ನಾಲ್ಕು ಅಡಿ ಎರಡು ಅಂಗುಲ! ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದೆ. ಬೆಂಗಳೂರಿನವರಿಗೆ ಆಗದ್ದು ನನ್ನ ಕೈಲಿ ಆಯಿತು ಎಂಬ ಜಂಭ.

ಮೈಕ್ ಎತ್ತಿ ಮೂರು ಸಲ ಕರೆದೆ. ಮೂರನೆಯದಕ್ಕೆ ಬೋರಣ್ಣನ ದನಿ ಬಂತು. “ಓ... ಸರ್ಯಾಯ್ತು ಸಾ. ಈಗ ಮನ್ಸರಂಗೆ ಕೂಗ್ತದೆ.”

ಒಂದು ಗಂಟೆಗೂ ಸರಿ. ಎರಡಕ್ಕೂ ಸರಿ. ಫ್ಯಾನು ನಿಲ್ಲಿಸಿದೆ, ಚಳಿ ಅನ್ನಿಸಿತು. ಕುರ್ಚಿಯಲ್ಲೇ ತೂಕಡಿಕೆ ಬರುತ್ತಿತ್ತು.

ಎರಡೂ ಇಪ್ಪತ್ತು.

ಸ್ಪೀಕರಿನ ಸುಯ್ ಎನ್ನುವ ಸದ್ದು ನಿಂತುಹೋಯಿತು. ಸೆಟ್ಟು ಕೆಟ್ಟಿತೇನೋ ಎಂದು ಕಣ್ಣು ಬಿಟ್ಟೆ. ದೀಪಗಳೆಲ್ಲ ಉರಿಯುತ್ತಿದ್ದವು. ಯಾರೋ ಎಲ್ಲೋ ಮೈಕಿನ ಗುಂಡಿ ಒತ್ತಿ ಹಿಡಿದು ಮಾತಾಡದೆ ಕೂತಾಗ ಹೀಗೆ ಆಗುತ್ತದೆ. ಆ ಮೌನದೊಳಗೆ ನೀರು ಬಡಿಯುವ ಸದ್ದು, ಮೆಟ್ಟಿಲಿಗೆ ಬಡಿಯುವಂತೆ ಲಪ್... ಲಪ್...

ಆಮೇಲೆ ಒಂದು ಗಂಡಸಿನ ದನಿ.

“ಬೋರಾ...”

ಒಂದೇ ಸಲ.

ಅಕ್ಕರೆಯ ದನಿ. ಮನೆಯ ಹಿರಿಯರು ಉಣ್ಣಲಿಕ್ಕೆ ಕರೆಯುವ ಹಾಗೆ. ಗಂಟಲಲ್ಲಿ ಏನೋ ತುಂಬಿಕೊಂಡು ಕರೆದ ಹಾಗೂ ಇತ್ತು. ನನ್ನ ಕೈ ತಾನಾಗಿಯೇ ಮೈಕಿಗೆ ಹೋಗಿತ್ತು. ‘ಯಾರದು?’ ಎಂದು ಕೇಳಬೇಕು... ಗುಂಡಿಯ ಮೇಲೆ ಬೆರಳಿಟ್ಟಾಗ ಕೊಟ್ಟ ಮಾತು ನೆನಪಾಯಿತು. ಬೆರಳು ಅಲ್ಲೇ ನಿಂತಿತು. ಎರಡನೆಯ ಕರೆಗೆ ಕಾದೆ.

ಬರಲಿಲ್ಲ.

ಬದಲಿಗೆ... ದೂರದಿಂದ, ಸಣ್ಣದಾಗಿ...

ಕಿರ್ರ್.

ಎರಡನೇ ನಂಬರಿನ ಪೆಟ್ಟಿಗೆ ಓಗೊಟ್ಟಿತು.

ಓದುವವರಿಗೆ ಒಂದು ಮಾತು ಸ್ಪಷ್ಟವಾಗಲಿ. ಕಂಪ್ಯೂಟರು ಕೇಳದೆ ಆ ಪೆಟ್ಟಿಗೆ ಉತ್ತರ ಕೊಡುವುದಿಲ್ಲ. ಕೊಡಲಾರದು. ಮನುಷ್ಯರ ಮಾತು ಅದಕ್ಕೆ ಅರ್ಥವಾಗುವುದಿಲ್ಲ. ಆದರೆ ಪರದೆಯ ಮೇಲೆ ಹೊಸದೊಂದು ಸಾಲು ನನ್ನ ಕಣ್ಣೆದುರೇ ಮೂಡಿತು. ಎರಡನೇ ನಂಬರು. ನೀರಿನ ಮಟ್ಟ ಒಂಬತ್ತು ಅಡಿ.

ಒಂಬತ್ತು ಅಡಿ! ನಾಲೆಯ ಏರಿಯೇ ಏಳು ಅಡಿ ಎತ್ತರ. ಒಂಬತ್ತು ಅಡಿ ಎಂದರೆ ನೀರು ಏರಿ ದಾಟಿ, ತೂಬುಮನೆಯ ಒಳಗೆ ನುಗ್ಗಿದೆ. ಹೊಸ್ತಿಲ ಮೇಲೆ ಬೋರಣ್ಣ ಕೂತಿದ್ದಾನೆ.

“ಬೋರಣ್ಣ! ಬೋರಣ್ಣ! ಬೋರಣ್ಣ!”

ಸುಯ್... ಎಂದು ಗಾಳಿ. ಇನ್ನೂ ಮೂರು ಸಲ ಕರೆದೆ. ಉತ್ತರವಿಲ್ಲ.

ಹೇಗೆ ಹೊರಟೆನೋ ನೆನಪಿಲ್ಲ. ಚಪ್ಪಲಿ ಕೂಡ ಹಾಕಿರಲಿಲ್ಲ. ಏರಿಯ ಮೇಲೆ ಮೊಪೆಡ್ ಓಡಿಸುತ್ತ ಒಂದೇ ಯೋಚನೆ. ವೈರು ಸಿಕ್ಕಿಸಲು ಒಪ್ಪಿಸಿದವನು ನಾನು. ಆತನಿಗೆ ಇಷ್ಟವಿರಲಿಲ್ಲ. ಕೆಲಸದ ಆಸೆ ತೋರಿಸಿ ಒಪ್ಪಿಸಿದೆ. ಆತನಿಗೆ ಏನಾದರೂ ಆದರೆ ಆ ಕಾಯಿಲೆಯ ಹೆಂಗಸಿಗೆ ಏನೆಂದು ಹೇಳಲಿ? ಅಳು ಬರುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ಈ ಸಲ ದಾರಿಯಲ್ಲಿ ಒಂದು ಕಪ್ಪೆಯ ಸದ್ದೂ ಇರಲಿಲ್ಲ.

ತೂಬುಮನೆ ಹಾಗೇ ನಿಂತಿತ್ತು. ಏರಿ ಒಣಗಿತ್ತು. ನೀರಿನಲ್ಲಿ ನೆಟ್ಟ ಅಳತೆಗಲ್ಲಿನ ಮೇಲೆ ಟಾರ್ಚು ಬಿಟ್ಟು ನೋಡಿದೆ. ನಾಲ್ಕು ಅಡಿ ಎರಡು ಅಂಗುಲ. ಲಾಟೀನು ಉರಿಯುತ್ತಿತ್ತು. ಕೋಣೆಯ ಮೂಲೆಯಲ್ಲಿ ಬೋರಣ್ಣ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದ.

ನಾನು ಬಾಗಿಲಲ್ಲಿ ನಿಂತು ಮೂರು ಸಲ ಕರೆದೆ. ಮೂರನೆಯದಕ್ಕೆ ಆತ ಕೈ ತೆಗೆದ.

“ನೀವೇನಾ ಸಾ?”

“ನಾನೇ. ಮೈಕಿನಲ್ಲಿ ಅಷ್ಟು ಕರೆದೆನಲ್ಲ, ಯಾಕೆ ಮಾತಾಡಲಿಲ್ಲ?”

“ನೀವ್ ಕರದಿದ್ ನಂಗೆ ಕೇಳ್ನಿಲ್ಲ. ನಂಗ್ ಕೇಳಿದ್ದು ಒಂದೇ ಕೂಗು.” ಆತ ಮೇಲಕ್ಕೆ ಬೆರಳು ತೋರಿಸಿದ. “ಎಂಗ್ಸು ದನಿ ಸಾ. ಪೆಟ್ಗೆಯೊಳ್ಗಿಂದ. ನನ್ ಎಸ್ರಲ್ಲ.”

“ಮತ್ತೆ ಯಾರ ಹೆಸರು?”

ಬೋರಣ್ಣ ನನ್ನ ಮುಖವನ್ನೇ ನೋಡುತ್ತ ಕೇಳಿದ: “ಗುಬ್ಬಣ್ಣಿ ಅಂದ್ರೆ ಯಾರು ಸಾ?”

ನಾನು ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ.

ಚಿಕ್ಕವನಿದ್ದಾಗ ನಾನು ಸರಿಯಾಗಿ ಉಣ್ಣುತ್ತಿರಲಿಲ್ಲ, ಗುಬ್ಬಿಯ ಹಾಗೆ ನಾಲ್ಕು ಅಗುಳು ಹೆಕ್ಕಿ ಎದ್ದುಬಿಡುತ್ತಿದ್ದೆ. ಅದಕ್ಕೇ ಅಮ್ಮ ಇಟ್ಟ ಹೆಸರು ಗುಬ್ಬಣ್ಣಿ. ಅಮ್ಮನನ್ನು ಬಿಟ್ಟು ಇನ್ನೊಬ್ಬರು ಆ ಹೆಸರಿನಿಂದ ಕರೆದದ್ದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಹೋದಳು. ಹೆಸರೂ ಆಕೆಯ ಜೊತೆಗೇ ಹೋಯಿತು. ಬೋರಣ್ಣನಿಗೆ ಆವತ್ತಿನವರೆಗೆ ನನ್ನ ನಿಜವಾದ ಹೆಸರೇ ಗೊತ್ತಿರಲಿಲ್ಲ.

ನಾನು ಕೇಳಿದ್ದನ್ನೂ ಹೇಳಿದೆ. ಬೋರಾ... ಎಂದು ರಾಗ ತೆಗೆದು ಹೇಳಿ ತೋರಿಸಿದಾಗ ಆತ ಹೌದೆಂದು ತಲೆ ಆಡಿಸಿದ. ಅಣ್ಣ ಹಾಗೇ ಕರೆಯುತ್ತಿದ್ದನಂತೆ.

“ನೀವು ಓ ಅಂದ್ರಾ ಸಾ?”

“ಇಲ್ಲ. ನೀನು?”

“ಇಲ್ಲ.”

ಇಬ್ಬರೂ ಒಟ್ಟಿಗೆ ತಲೆಯೆತ್ತಿ ಪೆಟ್ಟಿಗೆ ನೋಡಿದೆವು. ಕೆಂಪು ದೀಪ ಉರಿಯುತ್ತಿತ್ತು. ಅಷ್ಟರಲ್ಲಿ ಮೂರು ಗಂಟೆಯಾಯಿತೇನೋ, ಕಿರ್ರ್... ಕಿರ್ರ್... ಕಿರ್ರ್... ಎಂದಿತು. ನಾವಿಬ್ಬರೂ ಬೆಚ್ಚಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಬೆಳಕು ಹರಿಯುವವರೆಗೆ ಬಿಡಲಿಲ್ಲ.

ಎಂಟು ಗಂಟೆಗೆ ಎಂಜಿನಿಯರು ಬಂದರು. ಹಾಳೆಯಲ್ಲಿ ಹನ್ನೆರಡರಿಂದ ಬೆಳಗಿನವರೆಗೆ ಎರಡನೇ ನಂಬರಿನ ಕಾಲಂ ತುಂಬಿತ್ತು. ಒಂಬತ್ತು, ಹತ್ತು, ಹನ್ನೊಂದು ಖಾಲಿ ಇದ್ದದ್ದಕ್ಕೆ ಬ್ಯಾಟರಿಯ ವೈರು ಸಡಿಲವಿತ್ತು, ನಾನೇ ಹೋಗಿ ಬಿಗಿದು ಬಂದೆ ಎಂದೆ. ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಅವರು ಎರಡೂ ಇಪ್ಪತ್ತರ ಸಾಲಿನ ಮೇಲೆ ಬೆರಳಿಟ್ಟರು.

“ಇದೇನ್ರೀ, ಒಂಬತ್ತು ಅಡಿ?”

“ಏನೋ ಅಡಚಣೆ ಸರ್. ವೈರ್‌ಲೆಸ್ಸಿನಲ್ಲಿ ಒಮ್ಮೊಮ್ಮೆ ಹೀಗಾಗುತ್ತೆ.”

ಅವರು ನಕ್ಕು, ಒಳಗೆ ಹೋಗಿ ಫೈಲಿಗೆ ಸಹಿ ಹಾಕಿದರು. ಬೋರಣ್ಣ ಖಾಯಮ್ಮಾದ. ಕಚೇರಿಯ ಹಿಂದೆ ನಿಂತು ಆತ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತದ್ದು ನೋಡಿ ನನಗೂ ಕಣ್ಣು ತುಂಬಿತು. ಅಷ್ಟರಮಟ್ಟಿಗೆ ಇದು ಸುಖಾಂತ್ಯದ ಕತೆ.

ಒಂಬತ್ತನೆಯ ದಿನ ಅಂಗಡಿಗೆ ಬೋರಣ್ಣನ ಫೋನು ಬಂತು.

“ಪೆಟ್ಗೆ ಓಯ್ತು ಸಾ.”

“ಹೋಯ್ತು ಅಂದ್ರೆ? ಮತ್ತೆ ವೈರು ಕಿತ್ತೆಯಾ?”

“ಇಲ್ಲ ಸಾ. ಓಯ್ತು. ಬಂದ್ ನೋಡಿ.”

ಹಗಲಲ್ಲೇ ಹೋದೆ. ಪೆಟ್ಟಿಗೆ ಅದೇ ಜಾಗದಲ್ಲಿತ್ತು. ದೀಪ ಇರಲಿಲ್ಲ. ನಾನು ಹಚ್ಚಿದ ಹಸಿರು ಬಣ್ಣ ನಾಲ್ಕೂ ಸ್ಕ್ರೂಗಳ ಮೇಲೆ ಒಂದು ಬಿರುಕೂ ಇಲ್ಲದೆ ಹಾಗೇ ಇತ್ತು. ಗೋಡೆ ಒಣಗಿತ್ತು. ಒಂದು ತಿಂಗಳಿಂದ ಮಳೆಯ ಹನಿ ಬಿದ್ದಿರಲಿಲ್ಲ. ಏಣಿ ಹತ್ತಿ ಪೆಟ್ಟಿಗೆ ಇಳಿಸಿದರೆ ಎರಡು ಪಟ್ಟು ಭಾರ. ನೆಲದ ಮೇಲಿಟ್ಟು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ...

ನೀರು. ಅಂಚಿನವರೆಗೂ ನೀರು. ಚೆಲ್ಲಿದಾಗ ತಳದಲ್ಲಿ ನಾಲೆಯ ಕರಿ ಗೋಡುಮಣ್ಣು, ಬೆರಳು ದಪ್ಪ. ಕೋಣೆಯೆಲ್ಲ ಕೆಸರಿನ ತಣ್ಣನೆಯ ವಾಸನೆ.

ನಾನು ಕಾರಣ ಹುಡುಕಲಿಲ್ಲ. ಜೀವನದಲ್ಲಿ ಮೊದಲ ಸಲ, ಹುಡುಕಲು ಮನಸ್ಸಾಗಲಿಲ್ಲ.

ಬೋರಣ್ಣ ಒಳಗಿನಿಂದ ಒಂದು ಚೆಂಬು ತಂದ. ಹಾಲು. ಇನ್ನೊಂದು ಕೈಯಲ್ಲಿ ಬಾಳೆ ಎಲೆಯ ತುಂಡಿನಲ್ಲಿ ತುಪ್ಪ. ನಮ್ಮ ಕಡೆ ಯಾರಾದರೂ ಸತ್ತರೆ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲುತುಪ್ಪ ಬಿಡುತ್ತಾರೆ. ಬೋರಣ್ಣ ನೀರಿಗಿಳಿಯುವ ಮೆಟ್ಟಿಲ ಮೇಲೆ ಆ ಖಾಲಿ ಪೆಟ್ಟಿಗೆ ಇಟ್ಟು, ಅದರ ಮೇಲೆ ಹಾಲು ಬಿಟ್ಟ, ತುಪ್ಪ ಬಿಟ್ಟ, ಕೈ ಮುಗಿದ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

“ನಮ್ ಬದ್ಲು ಓ ಅಂತು ಸಾ. ನಮ್ ಬದ್ಲು ಓಯ್ತು. ಅದ್ಕೆ ಇನ್ಯಾರವ್ರೆ ಬುಡಾಕೆ?”

ನಾನೂ ಚೆಂಬು ಇಸಿದುಕೊಂಡು ಉಳಿದ ಹಾಲು ಬಿಟ್ಟೆ. ಆಮೇಲೆ ತಡೆಯಲಾರದೆ ಕೇಳಿದೆ.

“ಬೋರಣ್ಣ... ಕರೆದದ್ದು ಎರಡು ಹೆಸರು. ಪೆಟ್ಟಿಗೆ ಓ ಅಂದದ್ದು ಒಂದೇ ಸಲ. ಯಾರ ಬದಲು ಹೋಯಿತು?”

ಆತ ಚೆಂಬು ತೊಳೆಯುತ್ತಿದ್ದ. ಕೈ ನಿಂತಿತು.

“ಅದ್ನೇ ನಾನೂ ಒಂಬತ್ ದಿನದಿಂದ ಯೋಚ್ನೆ ಮಾಡ್ತಾವ್ನಿ ಸಾ,” ಎಂದ.

ಅಲ್ಲಿಂದ ನಮ್ಮಿಬ್ಬರ ನಡುವೆ ಒಂದು ಕಟ್ಟಳೆಯಾಯಿತು. ಬೋರಣ್ಣ ಬೂತಿನಿಂದ ಫೋನು ಮಾಡಿದರೆ ಎರಡು ಸಲ ಒಂದೊಂದು ರಿಂಗಿಗೆ ಇಟ್ಟು, ಮೂರನೆಯ ಸಲ ಬಿಡದೆ ಹೊಡೆಸುತ್ತಿದ್ದ. ನಾನು ಆಗಲೇ ಎತ್ತುತ್ತಿದ್ದೆ. ವರ್ಷಕ್ಕೆರಡು ಸಲ ಕಿಕ್ಕೇರಿಯಲ್ಲಿದ್ದ ತನ್ನ ಮಗಳ ಮನೆಗೆ ಹೋಗಿ ಬಂದಾಗ ಬೆಲ್ಲ ತಂದುಕೊಡುತ್ತಿದ್ದ. ಆತ ನಿವೃತ್ತನಾದ. ನಾಲೆಯ ಕಚೇರಿಗೆ ಹೊಸ ಯಂತ್ರಗಳು ಬಂದವು. ಮರೆತೆವು ಎಂದೇ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ರಾತ್ರಿ ಮನೆಯ ಫೋನು ಒಂದೇ ಸಲ ಹೊಡೆದುಕೊಂಡು ನಿಂತಿತು. ಎದ್ದು ಅದರ ಮುಂದೆ ನಿಂತೆ. ಕೈ ಚಾಚಲಿಲ್ಲ. ಗಡಿಯಾರ ನೋಡಿದೆ, ಎರಡೂ ಇಪ್ಪತ್ತು. ಎರಡನೆಯ ರಿಂಗಿಗೆ ಬೆಳಗಿನವರೆಗೂ ಕಾದೆ.

ಏಳು ಗಂಟೆಗೆ ಫೋನು ಬಂತು. ಒಂದು, ಎರಡು, ಮೂರನೆಯದಕ್ಕೆ ಎತ್ತಿದೆ.

“ಸಾ... ಚೆನ್ನಾಗಿದ್ದೀರಾ?” ಬೋರಣ್ಣನ ದನಿ ಬಳಲಿತ್ತು.

“ರಾತ್ರಿ ಫೋನು ಮಾಡಿದ್ದು ನೀನಾ ಬೋರಣ್ಣ?”

“ನಾನಲ್ಲ ಸಾ. ನಮ್ಮನೆ ಬಾಗ್ಲಲ್ಲೂ ರಾತ್ರಿ ಯಾರೋ ಕರದ್ರು. ಬೋರಣ್ಣ ಅಂತ. ಒಂದ್ಸಲ. ನಿಮ್ದೇ ದನಿ.”

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಾನ್ ಓ ಅನ್ನಿಲ್ಲ ಸಾ,” ಎಂದ. “ನೀವೂ ಅನ್ಬ್ಯಾಡಿ.”